ಕಾಂಪೌಂಡ್ ಏಳುವ ಮೊದಲೇ ಕ್ರಾಸ್ ರಸ್ತೆ ಹಾಕಿ

2025ರ ಸೆಪ್ಟೆಂಬರ್‌ನಲ್ಲಿ ಎರಡು ಪತ್ರಗಳು ಬೆಂಗಳೂರಿನಲ್ಲಿ ದೊಡ್ಡ ಸುದ್ದಿಯಾದವು. ಒಂದನ್ನು ಬರೆದವರು ಮುಖ್ಯಮಂತ್ರಿ ಸಿದ್ದರಾಮಯ್ಯ. ಔಟರ್ ರಿಂಗ್ ರೋಡ್‌ನಲ್ಲಿ, ಅದರಲ್ಲೂ ಇಬ್ಬಲೂರು ಜಂಕ್ಷನ್ ಹತ್ತಿರ ಟ್ರಾಫಿಕ್ ವಿಪರೀತವಾಗಿದೆ, ಸರ್ಜಾಪುರ ರಸ್ತೆಯ ವಿಪ್ರೊ ಕ್ಯಾಂಪಸ್ ಒಳಗಿಂದ ಒಂದಿಷ್ಟು ವಾಹನ ಹಾದುಹೋಗಲು ಬಿಡಿ, ಪೀಕ್ ಅವರ್‌ನಲ್ಲಿ ಸುತ್ತಲಿನ ದಟ್ಟಣೆ ಸುಮಾರು ಶೇಕಡ 30ರಷ್ಟು ಕಮ್ಮಿಯಾಗಬಹುದು ಎಂದು ಅವರು ಅಜೀಂ ಪ್ರೇಮ್‌ಜಿ ಅವರನ್ನು ಕೇಳಿದ್ದರು. ಕೆಲವೇ ದಿನಗಳಲ್ಲಿ ಉತ್ತರ ಬಂತು. ಅದು ಖಾಸಗಿ ಆಸ್ತಿ, ಷೇರುದಾರರಿರುವ ಕಂಪನಿಗೆ ಸೇರಿದ್ದು. ಜೊತೆಗೆ ವಿಶೇಷ ಆರ್ಥಿಕ ವಲಯ, ಅಂದರೆ ಎಸ್‌ಇಜೆಡ್. ಒಳಗೆ ಯಾರು ಬರಬೇಕು ಅನ್ನುವುದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. ಹಾಗಾಗಿ ದಾರಿ ಬಿಡಲು ಆಗುವುದಿಲ್ಲ. ಇಡೀ ನಗರದ ಸಂಚಾರದ ಬಗ್ಗೆ ತಜ್ಞರಿಂದ ಅಧ್ಯಯನ ಮಾಡಿಸಿ, ಅದರ ಖರ್ಚಿನಲ್ಲಿ ದೊಡ್ಡ ಪಾಲು ನಾವು ಕೊಡುತ್ತೇವೆ ಎಂದೂ ಪ್ರೇಮ್‌ಜಿ ಬರೆದಿದ್ದರು.

ಜನ ಎರಡು ಪಾಲಾದರು. ಕೆಲವರು ಕಂಪನಿಯನ್ನು ಬೈದರು, ಕೆಲವರು ಸರ್ಕಾರವನ್ನು ಬೈದರು. ವಾರ ಕಳೆಯುವಷ್ಟರಲ್ಲಿ ವಿಷಯ ಮರೆತೂ ಹೋಯಿತು.

ನನಗೆ ಆ ಎರಡೂ ಪತ್ರಗಳಲ್ಲಿ ನ್ಯಾಯ ಕಂಡಿತು. ಮುಖ್ಯಮಂತ್ರಿ ಕೇಳಿದ್ದು ಸರಿ, ಯಾಕೆಂದರೆ ಅಷ್ಟು ದೊಡ್ಡ ಜಾಗದ ಸುತ್ತ ಗೋಡೆ ಇದ್ದರೆ ಊರಿನ ಎಲ್ಲ ಗಾಡಿಯೂ ಆ ಗೋಡೆ ಬಳಸಿಕೊಂಡೇ ಹೋಗಬೇಕು. ಕಂಪನಿ ಹೇಳಿದ್ದೂ ಸರಿ, ಯಾಕೆಂದರೆ ಕಟ್ಟಿ ಮುಗಿದು ಎಷ್ಟೋ ವರ್ಷವಾದ ಕ್ಯಾಂಪಸ್ ನಡುವೆ ಏಕಾಏಕಿ ಕಾರು ನುಗ್ಗಿಸಿದರೆ ಒಳಗೆ ನಡೆದಾಡುವವರ ಗತಿ ಏನು? ತಪ್ಪು ಆಗಿದ್ದು ಎರಡು ದಶಕದ ಹಿಂದೆ. ಈ ಭಾಗದ ಹೊಲಗಳು ಕ್ಯಾಂಪಸ್‌ಗಳಾಗುತ್ತಿದ್ದಾಗ ನಕಾಶೆ ಮೇಲೆ ನಾಲ್ಕು ಗೆರೆ ಎಳೆದು ಇವು ಸಾರ್ವಜನಿಕ ರಸ್ತೆ, ಉಳಿದ ಜಾಗ ನಿಮ್ಮದು ಎಂದು ಹೇಳಿದ್ದರೆ ಆ ಪತ್ರ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಈಗ ಇದನ್ನು ಎತ್ತುತ್ತಿರುವುದಕ್ಕೆ ಕಾರಣ ಇದೆ. ಬೆಂಗಳೂರಿನ ಹೊರಗೆ ಮುಂದಿನ ಸುತ್ತಿನ ಕ್ಯಾಂಪಸ್‌ಗಳ ತಯಾರಿ ನಡೆದಿದೆ. ದೊಡ್ಡಬಳ್ಳಾಪುರ ಮತ್ತು ದಾಬಸ್‌ಪೇಟೆ ನಡುವೆ ಸುಮಾರು 5,800 ಎಕರೆಯಲ್ಲಿ ಕ್ವಿನ್ ಸಿಟಿ ಅನ್ನುವ ಹೊಸ ನಗರ ಮಾಡುತ್ತೇವೆ ಎಂದು ಸರ್ಕಾರ 2024ರಲ್ಲಿ ಹೇಳಿತು. ಸರ್ಜಾಪುರದ ಕಡೆಗೂ, ಬಿಡದಿಯ ಕಡೆಗೂ ಬೇರೆ ಬೇರೆ ಯೋಜನೆಗಳಿವೆ. ಇಂಥ ಜಾಗಗಳಲ್ಲಿ ಒಂದೊಂದು ಕಂಪನಿಗೆ ಐವತ್ತು, ನೂರು ಎಕರೆಯ ಒಂದೇ ತುಂಡನ್ನು ಕೊಟ್ಟುಬಿಡುವುದು ನಮ್ಮ ಹಳೇ ರೂಢಿ. ಈ ಸಲವೂ ಹಾಗೇ ಕೊಟ್ಟರೆ ಇನ್ನಿಪ್ಪತ್ತು ವರ್ಷಕ್ಕೆ ಇನ್ನೊಬ್ಬ ಮುಖ್ಯಮಂತ್ರಿ ಇನ್ನೊಂದು ಪತ್ರ ಬರೆಯಬೇಕಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ನೂರು ಎಕರೆ ಅಂದರೆ ಸುಮಾರು ನಾಲ್ಕು ಲಕ್ಷ ಚದರ ಮೀಟರ್. ಚೌಕಾಕಾರದಲ್ಲಿದೆ ಅಂದುಕೊಳ್ಳಿ, ಒಂದೊಂದು ಬದಿ ಸುಮಾರು 640 ಮೀಟರ್ ಆಗುತ್ತದೆ. ಸುತ್ತು ಗೋಡೆ ಎರಡೂವರೆ ಕಿಲೋಮೀಟರ್. ಹಿಂದಿನ ಗೋಡೆ ಪಕ್ಕದ ಹಳ್ಳಿಯಲ್ಲಿ ಮನೆ ಇರುವವರು ಮುಂದಿನ ರಸ್ತೆಯ ಬಸ್‌ಸ್ಟಾಪಿಗೆ ನೇರ ಹೋಗಬಹುದಾಗಿದ್ದರೆ ಎಂಟು ನಿಮಿಷದ ನಡಿಗೆ. ಗೋಡೆ ಸುತ್ತಿಕೊಂಡು ಹೋದರೆ ಹದಿನಾರು ನಿಮಿಷ. ಹದಿನಾರು ನಿಮಿಷ ಬಿಸಿಲಲ್ಲಿ ನಡೆಯಬೇಕು ಅಂದಾಗ ಮನುಷ್ಯ ಏನು ಮಾಡುತ್ತಾನೆ? ಸ್ಕೂಟರ್ ತೆಗೆಯುತ್ತಾನೆ. ಆ ಸ್ಕೂಟರ್ ಬಂದು ಸೇರುವುದು ಅದೇ ಮುಖ್ಯರಸ್ತೆಗೆ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ನೂರು ಎಕರೆಗಿಂತ ದೊಡ್ಡದು. ಔಟರ್ ರಿಂಗ್ ರೋಡ್‌ನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ತನಕ ಇಂಥ ತುಂಡುಗಳು ಒಂದರ ಪಕ್ಕ ಒಂದು ಕೂತಿವೆ. ಹಾಗಾಗಿ ಅಲ್ಲಿ ಇರುವುದೇ ಒಂದು ರಸ್ತೆ. ಅದು ಕಟ್ಟಿಕೊಂಡರೆ ಪಕ್ಕದ ಬೀದಿ ಹಿಡಿದು ಹೋಗೋಣ ಅನ್ನುವಂತಿಲ್ಲ, ಪಕ್ಕದ ಬೀದಿಯೇ ಇಲ್ಲ.

ಮಲ್ಲೇಶ್ವರ ನೆನಪಿಸಿಕೊಳ್ಳಿ. 1898ರ ಪ್ಲೇಗ್ ಹೊತ್ತಿಗೆ ಪೇಟೆಯ ಜನದಟ್ಟಣೆ ತಗ್ಗಿಸಲು ಬೆಳೆಸಿದ ಬಡಾವಣೆ ಅದು, ಬಸವನಗುಡಿ ಜೊತೆಗೇ ಬೆಳೆದದ್ದು. ಸಂಪಿಗೆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ಕ್ರಾಸ್ ಸಿಗುತ್ತದೆ. ಎಂಟನೇ ಕ್ರಾಸ್ ತುಂಬಿಕೊಂಡಿದ್ದರೆ ಏಳನೆಯದರಲ್ಲಿ ತಿರುಗಿಕೊಳ್ಳಬಹುದು. ಮಾರ್ಗೋಸಾ ರಸ್ತೆಗೆ ಹೋಗಲು ಹತ್ತು ದಾರಿ. ಅಲ್ಲಿಯೂ ಟ್ರಾಫಿಕ್ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಒಬ್ಬ ಅಜ್ಜಿ ಮನೆಯಿಂದ ಹೊರಟು ಹೂವು ತಗೊಂಡು, ಮಾತ್ರೆ ತಗೊಂಡು, ದೇವಸ್ಥಾನಕ್ಕೆ ಹೋಗಿ, ಕಾಫಿ ಕುಡಿದು ನಡೆದೇ ವಾಪಸ್ ಬರುತ್ತಾರೆ. ನಗರ ವಿನ್ಯಾಸ ಕಲಿಸುವವರು ಸಣ್ಣ ಬ್ಲಾಕ್ ಇರಲಿ, ದಾರಿಗಳು ಜಾಸ್ತಿ ಇರಲಿ, ಬೀದಿಗೆ ಮುಖ ಮಾಡಿದ ಕಟ್ಟಡ ಇರಲಿ, ಬೇರೆ ಬೇರೆ ಉಪಯೋಗ ಒಟ್ಟಿಗೇ ಇರಲಿ ಎಂದೆಲ್ಲ ಹೇಳುತ್ತಾರಲ್ಲ, ಅದನ್ನು ನಾವು ಕ್ರಾಸು, ಮೇನು ಅಂತ ಕರೆದು ನೂರು ವರ್ಷದಿಂದ ಬಳಸುತ್ತಿದ್ದೇವೆ. ಪೇಟೆಯಲ್ಲಂತೂ ಇನ್ನೂ ಹಳೆಯದು. ಕೆಂಪೇಗೌಡರ ಕಾಲದಿಂದ ಬಂದ ಬೀದಿಗಳು, ಕೆಳಗೆ ಅಂಗಡಿ, ಮೇಲೆ ಮನೆ.

ನಾನು ಕೆಲಸ ಮಾಡುವುದು ಒಂದು ಕ್ಯಾಂಪಸ್‌ನಲ್ಲಿ. ಹೆಸರು ಬೇಡ, ಊರ ತುಂಬ ಇಂಥವು ಇವೆ. ಬಸ್ ಇಳಿದರೆ ನನ್ನ ಕಟ್ಟಡ ಕಣ್ಣಿಗೆ ಕಾಣುತ್ತದೆ, ನಡುವೆ ಗೋಡೆ. ಗೇಟ್ ಇರುವುದು ಕಾರುಗಳಿಗೆ ಅನುಕೂಲವಾದ ಕಡೆ. ನಾನು ಅಲ್ಲಿಗೆ ಹೋಗಲು ಗೋಡೆ ಪಕ್ಕ ಹನ್ನೆರಡು ನಿಮಿಷ ನಡೆಯಬೇಕು. ಆ ಗೋಡೆಯಲ್ಲಿ ಒಂದು ಕಿಟಕಿ ಇಲ್ಲ, ಒಂದು ಅಂಗಡಿ ಇಲ್ಲ, ನೆರಳು ಇಲ್ಲ. ಫುಟ್‌ಪಾತ್ ಅರ್ಧ ದೂರಕ್ಕೆ ಮುಗಿಯುತ್ತದೆ. ಸಂಜೆ ಏಳರ ಮೇಲೆ ಆ ರಸ್ತೆಯಲ್ಲಿ ಹೆಣ್ಣುಮಕ್ಕಳು ಒಬ್ಬರೇ ನಡೆಯುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಅಷ್ಟು ದೂರಕ್ಕೇ ದಿನಾ ಆಟೊ ಹಿಡಿಯುತ್ತಾಳೆ. ಗೋಡೆಯ ಒಳಗೆ ಹುಲ್ಲುಹಾಸು ಇದೆ, ಹೊಂಗೆ ಮರದ ನೆರಳಿನಲ್ಲಿ ಕಲ್ಲುಬೆಂಚು ಇದೆ, ಚೆನ್ನಾಗಿ ಹಾಸಿದ ನಡಿಗೆ ದಾರಿ ಇದೆ. ಒಳಗೆ ಅಷ್ಟು ಚೆನ್ನಾಗಿ ಮಾಡಲು ಗೊತ್ತಿರುವವರು ಹೊರಗೂ ಮಾಡಬಹುದಿತ್ತು. ದಿನಾ ಆ ಗೋಡೆ ಪಕ್ಕ ನಡೆಯುವಾಗ ನನಗೆ ಬರುವ ಯೋಚನೆ ಇದೊಂದೇ.

ಈ ಗೋಡೆಗಳು ಯಾಕೆ ಎದ್ದವು ಅನ್ನುವುದನ್ನೂ ನ್ಯಾಯವಾಗಿ ಹೇಳಬೇಕು. ಎಲೆಕ್ಟ್ರಾನಿಕ್ ಸಿಟಿ ಶುರುವಾಗಿದ್ದು 1970ರ ದಶಕದ ಕೊನೆಗೆ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕನಸು ಅದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆ. ಆಗ ಅದು ಊರಿಂದ ಬಹಳ ದೂರ. ಮುಂದೆ ಸಾಫ್ಟ್‌ವೇರ್ ಕಂಪನಿಗಳು ಬಂದಾಗಲೂ ಕರೆಂಟ್ ನೆಚ್ಚಿಕೊಳ್ಳುವಂತಿರಲಿಲ್ಲ, ನೀರಿರಲಿಲ್ಲ, ಬಸ್ ಅಷ್ಟಕ್ಕಷ್ಟೆ. ಕಂಪನಿಗಳು ಜನರೇಟರ್ ತಂದವು, ಬೋರ್‌ವೆಲ್ ಕೊರೆಸಿದವು, ಸ್ವಂತ ಬಸ್ ಓಡಿಸಿದವು, ಕ್ಯಾಂಟೀನ್ ಕಟ್ಟಿದವು. ಹೊರಗೆ ಊರು ಏನನ್ನೂ ಕೊಡದಿದ್ದಾಗ ಒಳಗೇ ಒಂದು ಊರು ಮಾಡಿಕೊಳ್ಳುವುದು ಸಹಜ. ಆಮೇಲೆ 2005ರಲ್ಲಿ ಎಸ್‌ಇಜೆಡ್ ಕಾಯ್ದೆ ಬಂತು. ತೆರಿಗೆ ವಿನಾಯಿತಿ ಬೇಕಾದರೆ ಜಾಗಕ್ಕೆ ಭದ್ರವಾದ ಎಲ್ಲೆ ಇರಬೇಕು, ಒಳಗೆ ಹೊರಗೆ ಹೋಗುವ ಜಾಗ ಗೊತ್ತುಮಾಡಿರಬೇಕು ಎಂದಾಯಿತು. ಗೋಡೆಗೆ ಕಾನೂನಿನ ಬಲವೂ ಸಿಕ್ಕಿತು.

ಆ ಕಾನೂನಿನ ಬಲ ಈಗ ಸಡಿಲವಾಗಿದೆ. 2020ರ ನಂತರ ಶುರುವಾಗುವ ಹೊಸ ಘಟಕಗಳಿಗೆ ಎಸ್‌ಇಜೆಡ್‌ನ ಆದಾಯ ತೆರಿಗೆ ವಿನಾಯಿತಿ ಇಲ್ಲ. 2023ರ ಡಿಸೆಂಬರ್‌ನಲ್ಲಿ ಐಟಿ ಎಸ್‌ಇಜೆಡ್‌ಗಳು ಒಂದೊಂದು ಮಹಡಿಯನ್ನು ಬೇರೆ ಮಾಡಿ ಮಾಮೂಲಿ ಕಂಪನಿಗಳಿಗೆ ಕೊಡಬಹುದು ಎಂದು ಕೇಂದ್ರವೇ ನಿಯಮ ಬದಲಿಸಿತು. ಅಂದರೆ ಒಂದೇ ಕಟ್ಟಡದ ಮೂರನೇ ಮಹಡಿ ಎಸ್‌ಇಜೆಡ್, ನಾಲ್ಕನೇ ಮಹಡಿ ಅಲ್ಲ ಅನ್ನುವಂತೆ ಇರಬಹುದು. ಕಾನೂನೇ ಮಹಡಿ ಲೆಕ್ಕದಲ್ಲಿ ಎಲ್ಲೆ ಹಾಕಲು ಒಪ್ಪಿರುವಾಗ ನೂರು ಎಕರೆಗೆ ಒಂದೇ ಗೋಡೆ ಬೇಕೇ ಬೇಕು ಅನ್ನುವ ವಾದಕ್ಕೆ ಮುಂಚಿನ ಬಲ ಇಲ್ಲ.

ಇನ್ನು ಹೊಸ ಕ್ಯಾಂಪಸ್‌ಗೆ ಬರೋಣ. ದಾಬಸ್‌ಪೇಟೆ ಕಡೆ ಒಂದು ಕಂಪನಿಗೆ ನೂರು ಎಕರೆ ಕೊಡುತ್ತಾರೆ ಅಂದುಕೊಳ್ಳಿ. ಮೊದಲ ಕೆಲಸ ಯಾವುದು? ಆರ್ಕಿಟೆಕ್ಟ್ ಕರೆಸಿ ಗಾಜಿನ ಕಟ್ಟಡದ ಚಿತ್ರ ಬರೆಸುವುದಕ್ಕೆ ಮೊದಲು ಗ್ರಾಮ ನಕಾಶೆ ತರಿಸಬೇಕು. ನಮ್ಮ ಹಳ್ಳಿಗಳ ಸರ್ವೆ ನಕಾಶೆಯಲ್ಲಿ ಬಂಡಿ ದಾರಿ ಇರುತ್ತದೆ, ಕಾಲುದಾರಿ ಇರುತ್ತದೆ, ಹಳ್ಳ ಇರುತ್ತದೆ, ಗುಂಡುತೋಪು ಇರುತ್ತದೆ. ಪಹಣಿಯಲ್ಲಿ ಖರಾಬು ಅಂತ ಬರೆದ ಗುಂಟೆಗಳಲ್ಲಿ ಒಂದು ಭಾಗ, ಬಿ ಖರಾಬು, ಇಂಥ ಸಾರ್ವಜನಿಕ ಬಳಕೆಯ ಜಾಗ. ಅದರ ಮೇಲೆ ಯಾವ ರೈತನಿಗೂ ಸ್ವಂತ ಹಕ್ಕು ಇರಲಿಲ್ಲ. ಎಲ್ಲರೂ ಓಡಾಡುವ ಜಾಗ ಅದು. ಊರಿಂದ ಊರಿಗೆ, ಊರಿಂದ ಕೆರೆಗೆ, ಸಂತೆಗೆ ಹೋಗಲು ಜನ ಎಷ್ಟೋ ತಲೆಮಾರು ತುಳಿದು ಮಾಡಿದ ದಾರಿಗಳು. ಎಲ್ಲಿ ತಗ್ಗು, ಎಲ್ಲಿ ದಿಬ್ಬ, ಎಲ್ಲಿ ಮಳೆಗಾಲದಲ್ಲಿ ಕೆಸರು ಆಗುವುದಿಲ್ಲ ಎಂದು ತಿಳಿದವರು ಹಾಕಿದ ಗೆರೆಗಳು. ಈ ಸರ್ವೆ ನಂಬರ್‌ಗಳನ್ನೆಲ್ಲ ಒಟ್ಟು ಮಾಡಿ ಒಂದೇ ಪ್ಲಾಟ್ ಮಾಡಿದಾಗ ಮೊದಲು ಅಳಿಸಿಹೋಗುವುದು ಇವೇ ದಾರಿಗಳು. ಪಕ್ಕದ ಹಳ್ಳಿಯವರು ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ತಮ್ಮ ದಾರಿಯ ಮೇಲೆ ತಗಡಿನ ಬೇಲಿ.

ನನ್ನ ಮಟ್ಟಿಗೆ ಇದೇ ಇಡೀ ವಿಷಯದ ತಿರುಳು. ಆ ಬಂಡಿ ದಾರಿಗಳನ್ನೇ ಹೊಸ ಕ್ಯಾಂಪಸ್‌ನ ಮೇನ್ ರಸ್ತೆಗಳಾಗಿ ಉಳಿಸಿಕೊಳ್ಳಬೇಕು. ಅವು ಅಕ್ಕಪಕ್ಕದ ಹಳ್ಳಿಗಳನ್ನು ಆಗಲೇ ಜೋಡಿಸಿವೆ. ಅವುಗಳ ನಡುವೆ ನೂರು ನೂರೈವತ್ತು ಮೀಟರಿಗೆ ಒಂದರಂತೆ ಕ್ರಾಸ್ ಹಾಕಿ. ನೂರು ಮೀಟರ್‌ನ ಬ್ಲಾಕ್, ಹನ್ನೆರಡು ಮೀಟರ್ ಅಗಲದ ರಸ್ತೆ ಅಂದರೆ ಒಟ್ಟು ಜಾಗದಲ್ಲಿ ಐದರಲ್ಲಿ ಒಂದು ಪಾಲು ರಸ್ತೆಗೆ ಹೋಗುತ್ತದೆ. ನೂರೈವತ್ತು ಮೀಟರ್‌ನ ಬ್ಲಾಕ್ ಆದರೆ ಏಳರಲ್ಲಿ ಒಂದು ಪಾಲು. ಅಯ್ಯೋ ಇಷ್ಟೊಂದು ಜಾಗ ಹೋಯಿತಲ್ಲ ಅನ್ನಿಸಬಹುದು. ಈಗಿರುವ ಕ್ಯಾಂಪಸ್‌ಗಳ ಒಳಗೂ ರಸ್ತೆ ಇದೆ ಅಲ್ವಾ? ಕ್ಯಾಬ್ ಸುತ್ತುವ ರಸ್ತೆ, ಬಸ್ ನಿಲ್ಲುವ ಅಂಗಳ, ಅಗ್ನಿಶಾಮಕ ವಾಹನ ಹೋಗಲು ಬಿಟ್ಟ ದಾರಿ, ಗೋಡೆ ಪಕ್ಕ ಗಸ್ತು ತಿರುಗುವ ದಾರಿ. ಜಾಗ ಆಗಲೂ ಹೋಗಿದೆ. ಆ ದಾರಿಗಳ ತುದಿಯಲ್ಲಿ ಗೇಟ್ ಇದೆ ಅನ್ನುವುದೊಂದೇ ವ್ಯತ್ಯಾಸ.

ಎಲ್ಲ ರಸ್ತೆಗೂ ಕಾರು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಆ ಎರಡು ಪತ್ರಗಳಲ್ಲಿ ಮಾತು ಬರೀ ವಾಹನದ ಸುತ್ತ ತಿರುಗಿದ್ದು ನನಗೆ ಬೇಸರ ತಂದ ಸಂಗತಿ. ಹತ್ತು ದಾರಿಯಲ್ಲಿ ಮೂರಕ್ಕೆ ಮಾತ್ರ ಕಾರು ಬಿಡಿ. ಎರಡರಲ್ಲಿ ಬಸ್ ಓಡಲಿ. ಉಳಿದವು ನಡೆಯುವವರಿಗೆ, ಸೈಕಲ್‌ನವರಿಗೆ, ಗಾಡಿ ವ್ಯಾಪಾರಿಗಳಿಗೆ ಇರಲಿ. ಆಗ ಸೆಕ್ಯುರಿಟಿ ಎಲ್ಲಿ ಅಂದರೆ, ಕಟ್ಟಡದ ಬಾಗಿಲಲ್ಲಿ. ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆಯಲ್ಲಿರುವ ಬ್ಯಾಂಕು, ವಿಮಾ ಕಂಪನಿ, ವಕೀಲರ ಕಚೇರಿಗಳೆಲ್ಲ ಎಷ್ಟೋ ದಶಕದಿಂದ ಹಾಗೇ ನಡೆಯುತ್ತಿವೆ. ಬೀದಿಯಲ್ಲಿ ಯಾರು ಬೇಕಾದರೂ ಓಡಾಡುತ್ತಾರೆ, ಕಾರ್ಡ್ ತೋರಿಸಬೇಕಾದದ್ದು ಒಳಗೆ ಕಾಲಿಡುವಾಗ. ಅಮೆರಿಕದ ಸಿಯಾಟಲ್‌ನಲ್ಲಿ ಅಮೆಜಾನ್ ಕಂಪನಿಯ ಮುಖ್ಯ ಕಚೇರಿಯೂ ನಗರದ ನಡುವೆಯೇ ಇದೆ. ಕಟ್ಟಡಗಳ ನಡುವೆ ಇರುವುದು ಮಾಮೂಲಿ ಸಾರ್ವಜನಿಕ ರಸ್ತೆಗಳು.

ರಸ್ತೆ ಆಯಿತು, ಅದಕ್ಕೆ ಮುಖ ಮಾಡುವುದು ಯಾವುದು? ನಮ್ಮ ಆಫೀಸ್ ಕಟ್ಟಡಗಳ ನೆಲಮಹಡಿ ನೋಡಿ. ದೊಡ್ಡ ಲಾಬಿ, ಗಾಜು, ಒಂದು ಸೋಫಾ, ಅದರಾಚೆ ಹುಲ್ಲು, ಆಮೇಲೆ ಗೋಡೆ. ಬೈಲಾ ಪ್ರಕಾರ ಕಟ್ಟಡ ಎತ್ತರವಾದಷ್ಟೂ ಸುತ್ತ ಬಿಡುವ ಜಾಗವೂ ಜಾಸ್ತಿಯಾಗಬೇಕು, ಹಾಗಾಗಿ ಬಾಗಿಲು ಬೀದಿಯಿಂದ ದೂರ ದೂರ ಹೋಗುತ್ತದೆ. ಬೆಂಕಿ ಅನಾಹುತದ ದೃಷ್ಟಿಯಿಂದ ಆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಬೀದಿಯ ಕಡೆ ಎರಡು ಮಹಡಿಯ ತಗ್ಗು ಭಾಗ ಕಟ್ಟಿ, ಎತ್ತರದ ಭಾಗವನ್ನು ಅದರ ಹಿಂದೆ ಇಡಬಹುದು. ಆ ತಗ್ಗು ಭಾಗದಲ್ಲಿ ದರ್ಶಿನಿ ಬರಲಿ, ಮೆಡಿಕಲ್ ಶಾಪ್ ಬರಲಿ, ಝೆರಾಕ್ಸ್ ಅಂಗಡಿ, ಕೂಸಿನ ಮನೆ, ಚಪ್ಪಲಿ ಹೊಲಿಯುವವರಿಗೆ ಒಂದು ಮೂಲೆ ಬರಲಿ. ಈಗ ಕ್ಯಾಂಪಸ್ ಕಟ್ಟುವವರು ಒಳಗೊಂದು ಫುಡ್ ಕೋರ್ಟ್ ಮಾಡುತ್ತಾರೆ. ಸೆಕ್ಯುರಿಟಿ ಅಣ್ಣಂದಿರು, ಹೌಸ್‌ಕೀಪಿಂಗ್ ಅಕ್ಕಂದಿರು ಅಲ್ಲಿನ ಬೆಲೆ ಕೊಟ್ಟು ದಿನಾ ತಿನ್ನಲು ಆಗುವುದಿಲ್ಲ. ಅವರು ಊಟ ಮಾಡುವುದು ಗೇಟ್ ಹೊರಗಿನ ಗಾಡಿಯಲ್ಲಿ, ಚಿತ್ರಾನ್ನ, ಅನ್ನ ಸಾರು, ಮೊಟ್ಟೆ. ಆ ಗಾಡಿಯನ್ನು ಟ್ರಾಫಿಕ್ ಪೊಲೀಸರು ದಿನಾ ಎಬ್ಬಿಸುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ವ್ಯಾಪಾರಕ್ಕೆ ಜಾಗ ಗುರುತಿಸಿ ಎನ್ನುತ್ತದೆ. ಹೊಸ ಕ್ಯಾಂಪಸ್‌ನ ನಕ್ಷೆಯಲ್ಲೇ ನಲ್ಲಿ, ಚರಂಡಿ, ನೆರಳು ಸಮೇತ ಮೂವತ್ತು ಗಾಡಿಗೆ ಜಾಗ ಬರೆದಿಟ್ಟರೆ ಏನು ಕಷ್ಟ?

ಸಂಜೆ ಆರಕ್ಕೆ ಮುಗಿದುಹೋಗುವ ಬೀದಿಗೆ ಯಾವ ಅಂಗಡಿಯವರೂ ಬರುವುದಿಲ್ಲ. ಅದಕ್ಕೇ ಮನೆ ಬೇಕು. ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸದ ಜಾಗ ಒಂದು ಕಡೆ, ವಾಸದ ಜಾಗ ಇನ್ನೊಂದು ಕಡೆ ಎಂದು ಬಣ್ಣ ಹಚ್ಚಿ ಬೇರ್ಪಡಿಸುತ್ತಾರೆ. ಹೊಗೆ ಬಿಡುವ ಕಾರ್ಖಾನೆಗೆ ಅದು ಸರಿ. ಲ್ಯಾಪ್‌ಟಾಪ್ ಮುಂದೆ ಕೂರುವ ಕೆಲಸದಿಂದ ಪಕ್ಕದ ಮನೆಗೆ ಯಾವ ಹೊಗೆ ಬರುತ್ತದೆ? ನೂರು ಎಕರೆಯಲ್ಲಿ ಹದಿನೈದು ಎಕರೆ ಮನೆಗೆ ಇಡಿ. ಮೂರು ಮಲಗುವ ಕೋಣೆಯ ಫ್ಲಾಟ್ ಮಾತ್ರ ಕಟ್ಟಬೇಡಿ, ಒಂದು ಕೋಣೆಯ ಮನೆ, ಹೆಣ್ಣುಮಕ್ಕಳ ಹಾಸ್ಟೆಲ್, ಪಿಜಿ, ಸೆಕ್ಯುರಿಟಿಯವರು ಸಂಸಾರ ಸಮೇತ ಇರಬಹುದಾದ ಬಾಡಿಗೆ ಮನೆ, ಎಲ್ಲ ಇರಲಿ. ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿಸಿ ಬರುವವಳಿಗೆ ಬೀದಿಯಲ್ಲಿ ಒಂದು ಬೇಕರಿ ತೆರೆದಿದ್ದರೆ, ಮೇಲಿನ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರೆ ಸಿಗುವ ಧೈರ್ಯ ಗೋಡೆ ಮೇಲಿನ ಕ್ಯಾಮೆರಾದಿಂದ ಸಿಗುವುದಿಲ್ಲ.

ಕಾರು ನಿಲ್ಲಿಸುವ ಜಾಗದ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಆಫೀಸಿನಲ್ಲಿ ಒಬ್ಬರು ಕೂತು ಕೆಲಸ ಮಾಡಲು ಸುಮಾರು ಎಂಟು ಹತ್ತು ಚದರ ಮೀಟರ್ ಸಾಕು. ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ, ಅದು ಓಡಾಡುವ ದಾರಿಯೂ ಸೇರಿ, ಮೂವತ್ತರ ಆಸುಪಾಸು ಬೇಕು. ಅಂದರೆ ಮನುಷ್ಯನಿಗಿಂತ ಮೂರು ಪಟ್ಟು. ಮೂರು ಸಾವಿರ ಕಾರಿಗೆ ಸುಮಾರು ಹತ್ತು ಲಕ್ಷ ಚದರಡಿ ಕಟ್ಟಬೇಕು. ಅಷ್ಟು ದುಡ್ಡು ಖರ್ಚು ಮಾಡಿ ಪುಕ್ಕಟೆ ಕೊಟ್ಟರೆ ಯಾರು ತಾನೇ ಬಸ್ ಹತ್ತುತ್ತಾರೆ? ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಆಪಲ್ ಕಂಪನಿ 2017ರಲ್ಲಿ ತೆರೆದ ದುಂಡನೆಯ ಕಚೇರಿ ನೋಡಿ ಎಲ್ಲರೂ ಬೆರಗಾದರು. 175 ಎಕರೆ, ಸಾವಿರಾರು ಮರ. ಸುಮಾರು 12,000 ಜನ ಕೆಲಸ ಮಾಡುವ ಆ ಜಾಗಕ್ಕೆ ಹತ್ತಿರ ಹತ್ತಿರ 11,000 ಕಾರು ನಿಲ್ಲುವ ಜಾಗ ಬೇಕಾಯಿತು. ನಮ್ಮಲ್ಲೂ ಬೈಲಾಗಳು ಇಷ್ಟು ಚದರ ಮೀಟರ್ ಆಫೀಸಿಗೆ ಇಷ್ಟು ಕಾರಿನ ಜಾಗ ಇರಲೇಬೇಕು ಎನ್ನುತ್ತವೆ. ಕನಿಷ್ಠ ಇಷ್ಟು ಅನ್ನುವ ಆ ನಿಯಮವನ್ನು ಗರಿಷ್ಠ ಇಷ್ಟು ಎಂದು ತಿರುಗಿಸಬೇಕು. ಒಂದೊಂದು ಕಟ್ಟಡದ ಕೆಳಗೆ ಬೇರೆ ಬೇರೆ ಅಗೆಯುವ ಬದಲು ಕ್ಯಾಂಪಸ್‌ನ ಅಂಚಿನಲ್ಲಿ ಎಲ್ಲರಿಗೂ ಸೇರಿ ಒಂದು ಪಾರ್ಕಿಂಗ್ ಕಟ್ಟಡ ಇಟ್ಟು, ದುಡ್ಡು ತಗೊಳ್ಳಬೇಕು. ಬಸ್‌ಸ್ಟಾಪ್ ಮಾತ್ರ ಕಟ್ಟಡದ ಬಾಗಿಲಿಗೇ ಬರಬೇಕು.

ಬಸ್ ಜೊತೆಗೆ ರೈಲಿನ ವಿಷಯದಲ್ಲೂ ಒಂದು ಮಾತು ಸೇರಿಸಲೇಬೇಕು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕ ಹಳದಿ ಮೆಟ್ರೊ ಶುರುವಾಯಿತು, 19 ಕಿಲೋಮೀಟರ್, 16 ನಿಲ್ದಾಣ. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿ ನಾಲ್ಕು ದಶಕ ಕಳೆದ ಮೇಲೆ. ಔಟರ್ ರಿಂಗ್ ರೋಡ್‌ನ ಮೆಟ್ರೊ ಮಾರ್ಗ ಈ ಸಾಲುಗಳನ್ನು ಬರೆಯುವಾಗ ಇನ್ನೂ ಕಟ್ಟುತ್ತಿದ್ದಾರೆ. ಕ್ಯಾಂಪಸ್ ಮೊದಲು ಬಂದು ರೈಲು ಆಮೇಲೆ ಬಂದರೆ ನಡುವೆ ಒಂದು ತಲೆಮಾರು ಕಾರು ಕೊಂಡು ಅಭ್ಯಾಸ ಮಾಡಿಕೊಂಡಿರುತ್ತದೆ. ದೊಡ್ಡಬಳ್ಳಾಪುರಕ್ಕೂ ದಾಬಸ್‌ಪೇಟೆಗೂ ಈಗಾಗಲೇ ರೈಲು ಹಳಿ ಇದೆ, ಒಂದು ಹಿಂದೂಪುರದ ಕಡೆಗೆ, ಇನ್ನೊಂದು ತುಮಕೂರಿನ ಕಡೆಗೆ. ಹೊಸ ಕ್ಯಾಂಪಸ್‌ಗಳನ್ನು ಹೆದ್ದಾರಿಯ ಎಕ್ಸಿಟ್ ನೋಡಿ ಇಡದೆ ಆ ನಿಲ್ದಾಣಗಳಿಂದ ನಡೆಯಬಹುದಾದ ದೂರದಲ್ಲಿ ಇಡುವುದು ಸರ್ಕಾರದ ಕೈಯಲ್ಲೇ ಇದೆ.

ನೀರಿನ ದಾರಿ ಇನ್ನೊಂದು. 2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಮಳೆ ಮರೆತಿಲ್ಲ ತಾನೇ? ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆಗಸ್ಟ್ 30ರ ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟ ಆಯಿತು ಎಂದು ರಿಂಗ್ ರೋಡ್ ಕಂಪನಿಗಳ ಸಂಘ ಅಂದಿನ ಮುಖ್ಯಮಂತ್ರಿಗೆ ಬರೆಯಿತು. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ರಾಜಕಾಲುವೆಗಳು ಹಿತ್ತಿಲ ಚರಂಡಿಗಳಾಗಿದ್ದವು. ಕೆಲವು ಕಡೆ ಕಿರಿದಾಗಿದ್ದವು, ಕೆಲವು ಕಡೆ ಕಟ್ಟಡದ ಕೆಳಗೆ ಹೋಗಿದ್ದವು. ಹಿತ್ತಿಲಲ್ಲಿ ಇದ್ದರೆ ಯಾರೂ ನೋಡುವುದಿಲ್ಲ, ಯಾರು ಒತ್ತಿದರೂ ಗೊತ್ತಾಗುವುದಿಲ್ಲ. ಹೊಸ ಕ್ಯಾಂಪಸ್‌ನಲ್ಲಿ ಹಳ್ಳವನ್ನು ಮುಂಬಾಗಿಲಿಗೆ ತರಬೇಕು. ಹಳ್ಳದ ಎರಡೂ ಬದಿ ಸಾರ್ವಜನಿಕ ನಡಿಗೆ ದಾರಿ, ಅದರಾಚೆ ಕಟ್ಟಡ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಯ ದಿಕ್ಕಿಗೆ ಹೋಗುವ ಕೋರಮಂಗಲ ಕಣಿವೆ ಕಾಲುವೆಯಲ್ಲಿ ಕೆ-100 ಹೆಸರಿನಲ್ಲಿ ಇಂಥ ಪ್ರಯತ್ನ ನಡೆದಿದೆ. ಹದಗೆಟ್ಟ ಮೇಲೆ ಸರಿ ಮಾಡಲು ಎಷ್ಟು ಕಷ್ಟ ಅನ್ನುವುದಕ್ಕೂ ಅದೇ ಉದಾಹರಣೆ. ಹೊಸ ಜಾಗದಲ್ಲಿ ಇದನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದು, ಹಳ್ಳ ಇನ್ನೂ ಹಳ್ಳವಾಗಿಯೇ ಇರುವಾಗ.

ಕಂಪನಿಗಳಿಗೆ ಇದರಿಂದ ಏನು ಲಾಭ ಎಂದು ಕೇಳುವವರಿಗೆ ಅಮೆರಿಕದ ನ್ಯೂಜೆರ್ಸಿಯ ಕಥೆ ಹೇಳಬೇಕು. ಹೋಮ್‌ಡೆಲ್ ಎಂಬ ಊರಲ್ಲಿ 1962ರಲ್ಲಿ ಬೆಲ್ ಲ್ಯಾಬ್ಸ್ ಸಂಸ್ಥೆಗೆ ಏರೊ ಸಾರಿನೆನ್ ವಿನ್ಯಾಸ ಮಾಡಿದ ಭಾರಿ ಕಟ್ಟಡ ತೆರೆಯಿತು. ಸುತ್ತ ಹುಲ್ಲುಗಾವಲು, ಕೆರೆ, ಒಳಗೆ ಸಾವಿರಾರು ವಿಜ್ಞಾನಿಗಳು. ಊರ ಹೊರಗಿನ ಕ್ಯಾಂಪಸ್ ಅಂದರೆ ಹೀಗಿರಬೇಕು ಅನ್ನಿಸಿಕೊಂಡಿತ್ತು. 2007ರ ಹೊತ್ತಿಗೆ ಖಾಲಿಯಾಯಿತು. ಇಪ್ಪತ್ತು ಲಕ್ಷ ಚದರಡಿಯ ಕಟ್ಟಡ, ಒಂದೇ ಕಂಪನಿಗಾಗಿ ಕಟ್ಟಿದ್ದು, ಇನ್ನು ಯಾರಿಗೂ ಬೇಡವಾಯಿತು. ಕೆಡವುವ ಮಾತೂ ಬಂತು. 2013ರಲ್ಲಿ ಕೊಂಡವರು ಅದರ ನಡುವಿನ ಉದ್ದನೆಯ ಅಂಗಳವನ್ನು ಬೀದಿಯಂತೆ ಸಾರ್ವಜನಿಕರಿಗೆ ತೆರೆದರು. ಅಂಗಡಿ, ಹೋಟೆಲು, ಊರಿನ ಲೈಬ್ರರಿ ಬಂದವು, ಮೇಲಿನ ಮಹಡಿಗಳಿಗೆ ಸಣ್ಣ ದೊಡ್ಡ ಕಂಪನಿಗಳು ಬಂದವು. ಈಗ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ 1959ರಲ್ಲಿ ಶುರುವಾದದ್ದು, ಸುಮಾರು 7,000 ಎಕರೆ. ಮನೆ, ಅಂಗಡಿ ಇಲ್ಲದೆ ಅರ್ಧ ಶತಮಾನ ನಡೆಸಿದವರು ಈಗ ನಡುವೆ ಜಾಗ ಮಾಡಿಕೊಂಡು ಮನೆ, ಅಂಗಡಿ, ನಡಿಗೆ ಬೀದಿ ಕಟ್ಟುತ್ತಿದ್ದಾರೆ. ಕಂಪನಿಗಳು ಬರುತ್ತವೆ, ಹೋಗುತ್ತವೆ, ಕುಗ್ಗುತ್ತವೆ. ಮನೆಯಿಂದ ಕೆಲಸ ಶುರುವಾದ ಮೇಲಂತೂ ಯಾರಿಗೆ ಎಷ್ಟು ಜಾಗ ಬೇಕಾದೀತು ಎಂದು ಯಾರೂ ಹೇಳಲಾರರು. ಕ್ರಾಸ್, ಮೇನ್ ಇರುವ ಜಾಗವನ್ನು ಬ್ಲಾಕ್ ಬ್ಲಾಕ್ ಆಗಿ ಬೇರೆಯವರಿಗೆ ಕೊಡಬಹುದು, ಆಸ್ಪತ್ರೆ ಮಾಡಬಹುದು, ಕಾಲೇಜು ಮಾಡಬಹುದು. ನೂರು ಎಕರೆಯ ಒಂದೇ ಕೋಟೆಯನ್ನು ಕೊಳ್ಳಲು ಇನ್ನೊಬ್ಬ ದೊಡ್ಡವನೇ ಬರಬೇಕು.

ಇದನ್ನೆಲ್ಲ ಮಾಡಿಸುವ ಘಳಿಗೆ ಒಂದೇ ಒಂದು ಬರುತ್ತದೆ. ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಜಾಗ ಹಂಚುವ ಹೊತ್ತು. ರೈತರಿಂದ ಜಮೀನು ತಗೊಳ್ಳುವಾಗ ಸಾರ್ವಜನಿಕರ ಹಿತಕ್ಕೆ ಎನ್ನುತ್ತಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಬಿಟ್ಟುಕೊಡುವುದಿಲ್ಲ ಎಂದು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನೇ ಕೈಬಿಟ್ಟಿತು. ಅವರ ಹೋರಾಟದ ಕಾರಣಗಳು ಬೇರೆ, ದೊಡ್ಡವು. ಆದರೆ ಅದನ್ನು ಓದುವಾಗೆಲ್ಲ ನನಗೆ ಅನ್ನಿಸಿದ್ದು, ಸಾರ್ವಜನಿಕರಿಗಾಗಿ ಅಂತ ತಗೊಂಡ ಹೊಲದಲ್ಲಿ ಮುಂದೆ ಸಾರ್ವಜನಿಕರು ಕಾಲಿಡುವಂತಿಲ್ಲ ಅಂದರೆ ಹೊಲ ಕೊಟ್ಟವರಿಗೆ ಏನು ಉತ್ತರ ಹೇಳುವುದು? ಹಂಚಿಕೆ ಪತ್ರದಲ್ಲಿ ಈ ಸರ್ವೆ ನಂಬರಿನ ಬಂಡಿ ದಾರಿ, ಈ ಹಳ್ಳದ ದಂಡೆ, ಈ ಎಂಟು ಕ್ರಾಸ್‌ಗಳು ಎಂದೆಂದಿಗೂ ಸಾರ್ವಜನಿಕ ಎಂದು ಬರೆದು, ರಸ್ತೆ ಹಾಕಿಸಿ, ದೀಪ ಹಾಕಿಸಿ, ಉಳಿದ ಬ್ಲಾಕ್‌ಗಳನ್ನು ಮಾತ್ರ ಕಂಪನಿಗೆ ಕೊಡಬೇಕು. ರಸ್ತೆ ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆ ನಿಜವಾದದ್ದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಿಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ, ಅಂದರೆ ಎಲ್ಸಿಟಾ ಇದೆ. ಆಸ್ತಿ ತೆರಿಗೆ ಸಂಗ್ರಹಿಸಿ ರಸ್ತೆ, ದೀಪ, ಕಸ ನೋಡಿಕೊಳ್ಳುತ್ತದೆ. ಅಂಥ ವ್ಯವಸ್ಥೆಯಲ್ಲಿ ಪಕ್ಕದ ಹಳ್ಳಿಯವರಿಗೂ ಗಟ್ಟಿ ದನಿ ಕೊಟ್ಟರೆ ಹೊಸ ಜಾಗದಲ್ಲೂ ನಡೆಸಬಹುದು.

ನಾನು ಹೇಳಿದ ನಮ್ಮ ಕ್ಯಾಂಪಸ್ ಗೋಡೆಯ ವಿಷಯದಲ್ಲಿ ಒಂದು ಸಣ್ಣ ಬದಲಾವಣೆ ಆಗಿದೆ. ಬಸ್‌ಸ್ಟಾಪ್ ಕಡೆಯ ಗೋಡೆಯಲ್ಲಿ ಸಾಮಾನು ತರಲು ಬಳಸುತ್ತಿದ್ದ ಒಂದು ಚಿಕ್ಕ ಗೇಟ್ ಇತ್ತು. ನಾವು ಸುಮಾರು ನಲವತ್ತು ಜನ ಸಹಿ ಹಾಕಿ ಕೇಳಿ, ಮತ್ತೆ ಕೇಳಿ, ಹೋದ ವರ್ಷದಿಂದ ಅದನ್ನು ಬೆಳಿಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದರಿಂದ ಎಂಟರ ತನಕ ತೆಗೆಯುತ್ತಾರೆ. ಒಬ್ಬ ಸೆಕ್ಯುರಿಟಿ, ಒಂದು ಕಾರ್ಡ್ ಯಂತ್ರ, ಅಷ್ಟೇ. ನನ್ನ ಹನ್ನೆರಡು ನಿಮಿಷ ಎರಡು ನಿಮಿಷವಾಯಿತು. ಆಟೊ ಹಿಡಿಯುತ್ತಿದ್ದ ಹುಡುಗಿ ಈಗ ಬಸ್ಸಿನಲ್ಲೇ ಬರುತ್ತಾಳೆ. ಗೇಟ್ ತೆಗೆದ ಎರಡನೇ ವಾರಕ್ಕೆ ಅದರ ಎದುರು ಒಬ್ಬರು ಕಡಲೆಕಾಯಿ ಗಾಡಿ ತಂದು ನಿಲ್ಲಿಸಿದರು, ಮೂರನೇ ವಾರಕ್ಕೆ ಹೂವಿನವರು ಬಂದರು. ಸಂಜೆ ಎಂಟಕ್ಕೆ ಗೇಟ್ ಮುಚ್ಚಿದ ಕೂಡಲೇ ಅವರೂ ಗಾಡಿ ಎತ್ತುತ್ತಾರೆ, ಆಮೇಲೆ ಆ ರಸ್ತೆ ಮತ್ತೆ ಮೊದಲಿನಂತೆ ಕತ್ತಲು.